ಹೊಂಡದ ಮೀನು: ಬಿಡುವುದು ಒಂದು ದಿನ, ಸಾಕುವುದು ಒಂದು ವರ್ಷ

(ಜಿಲ್ಲೆಯ ರೈತರ ಶಿಬಿರವೊಂದರಲ್ಲಿ ಮಾಡಿದ ಭಾಷಣ. ಶಿಬಿರಕ್ಕೆ ಬರಲಾಗದ ಓದುಗರ ಉಪಯೋಗಕ್ಕಾಗಿ ಇಲ್ಲಿ ಅಚ್ಚುಮಾಡಿದೆ.)



ಸ್ವಂತ ಹೊಂಡದಲ್ಲಿ ಮೀನು ಸಾಕುವ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಶಿಬಿರದವರು ನಮ್ಮನ್ನು ಕೇಳಿದ್ದಾರೆ. ಸಭೆಗಳಲ್ಲಿ ನೆಲದ ವಿಚಾರ, ಬೆಲೆಯ ವಿಚಾರ, ಸಾಲದ ವಿಚಾರ ಬಂದಷ್ಟು ಮೀನಿನ ವಿಚಾರ ಬರುವುದಿಲ್ಲ. ಆದರೆ ಎರಡೆಕರೆಯ ರೈತನ ಮನೆಯಲ್ಲಿ ಮೀನು ಊಟದ ಮಾತೂ ಹೌದು, ಸಾಲದ ಮಾತೂ ಹೌದು. ಆದುದರಿಂದ ಈ ವಿಷಯಕ್ಕೆ ಒಂದು ಗಂಟೆ ಕೊಡುವುದು ತಪ್ಪಲ್ಲ.

2014ರಲ್ಲಿ ರಾಜ್ಯ ಸರಕಾರ ಕೃಷಿಭಾಗ್ಯ ಯೋಜನೆಯನ್ನು ಆರಂಭಿಸಿದ ಮೇಲೆ ಹೊಲಹೊಲದಲ್ಲಿ ಹೊಂಡಗಳೆದ್ದವು. ಮಲೆನಾಡಿನ ಕಡೆ ತೋಟದ ಮಗ್ಗುಲಲ್ಲಿ ಹಳೆಯ ಕೆರೆಗಳು ಮೊದಲಿನಿಂದಲೂ ಇವೆ. ಇಂಥ ನೀರನ್ನು ಕಂಡೊಡನೆ ಯಾರಾದರೊಬ್ಬರು ಬಂದು, 'ಸುಮ್ಮನೆ ನೀರು ನಿಲ್ಲಿಸಿದ್ದೀರಲ್ಲ, ಮೀನು ಮರಿ ಬಿಡಿ, ವರ್ಷ ಕಳೆಯುವುದರೊಳಗೆ ದುಡ್ಡು' ಎನ್ನುತ್ತಾರೆ. ರೈತ ಸಾಲ ಮಾಡಿ ಮರಿ ತಂದು ಸುರಿಯುತ್ತಾನೆ. ವರ್ಷ ಕಳೆದ ಮೇಲೆ ಬಲೆ ಎಳೆದರೆ ಬಂದದ್ದು ಎರಡು ಬುಟ್ಟಿ ಕೊರವ, ಒಂದು ಬುಟ್ಟಿ ಕೆಸರು. 'ನಮಗೆ ಮೀನು ಕೈ ಹತ್ತುವುದಿಲ್ಲ' ಎಂದು ಕೈ ಚೆಲ್ಲುತ್ತಾನೆ. ಮರಿ ಮಾರಿದವನ ಲಾಭ ಮಾತ್ರ ಅಂದೇ ಅವನ ಜೇಬು ಸೇರಿರುತ್ತದೆ.

ಇದರಲ್ಲಿ ರೈತನ ಹಣೆಬರಹದ ಮಾತೇನೂ ಇಲ್ಲ. ಮೀನು ನಮ್ಮ ದನದಂತೆ ಒಂದು ಸಾಕುಪ್ರಾಣಿ. ಅದಕ್ಕೆ ಕೊಟ್ಟಿಗೆ ಬೇಕು, ಮೇವು ಬೇಕು, ಉಸಿರಾಡಲು ಗಾಳಿ ಬೇಕು. ದನ ಕಣ್ಣಿಗೆ ಕಾಣುತ್ತದೆ, ಮೀನು ಕಾಣುವುದಿಲ್ಲ, ವ್ಯತ್ಯಾಸ ಇಷ್ಟೆ.

ಮೊದಲು ನೀರಿನ ಲೆಕ್ಕ

ಹೊಂಡದಲ್ಲಿ ಎಷ್ಟು ತಿಂಗಳು ನೀರಿರುತ್ತದೆ? ಈ ಪ್ರಶ್ನೆಗೆ ಉತ್ತರ ಹೇಳದೆ ಮರಿ ತರಬಾರದು. ಗೆಂಡೆ ಜಾತಿಯ ಮೀನುಗಳು ಮಾರುವ ತೂಕಕ್ಕೆ ಬರಲು ಹತ್ತು ಹನ್ನೆರಡು ತಿಂಗಳು ಬೇಕು. ನೀರು ಕನಿಷ್ಠ ನಾಲ್ಕೈದು ಅಡಿ ಆಳ ನಿಂತಿರಬೇಕು. ಮಲೆನಾಡಿನ ಒರತೆಯ ಕೆರೆಗೆ ಇದು ಕಷ್ಟವಲ್ಲ. ಬಯಲುಸೀಮೆಯ ಹೊಂಡ ಸಂಕ್ರಾಂತಿಯ ಹೊತ್ತಿಗೆ ತಳ ಕಾಣುವಂಥದಾದರೆ, ಅಲ್ಲಿ ದೊಡ್ಡ ಮರಿಯನ್ನೇ ಬಿಟ್ಟು, ಸಿಕ್ಕಷ್ಟು ಬೆಳೆಸಿ, ನೀರು ಮುಗಿಯುವ ಮೊದಲೇ ಹಿಡಿಯಬೇಕು. ಬೆಳೆಗೆ ನೀರು ಹಾಯಿಸುವ ಹೊಂಡ ಮೊದಲು ಬೆಳೆಯದು, ಆಮೇಲೆ ಮೀನಿನದು. ಮೀನಿಗಾಗಿ ರಾಗಿ ಒಣಗಿಸುವುದು ಯಾರೂ ಒಪ್ಪತಕ್ಕ ಮಾತಲ್ಲ.

ಎರಡನೆಯದು ವಿಸ್ತಾರ. ಯೋಜನೆಯ ಹೊಂಡಗಳಲ್ಲಿ ದೊಡ್ಡದು 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ. ಮೇಲ್ಬಾಯಿಯಲ್ಲಿ ಅದು ಸುಮಾರು ನಾಲ್ಕೂವರೆ ಗುಂಟೆ. ಒಂದಕ್ಕೊಂದು ಇಳಿಜಾರು ಕೊಟ್ಟರೆ ತಳದಲ್ಲಿ 15 ಮೀಟರ್ ಚೌಕ, ಎಂದರೆ ಎರಡು ಗುಂಟೆಗೆ ಸ್ವಲ್ಪ ಹೆಚ್ಚು. ಬೇಸಗೆಯಲ್ಲಿ ನೀರು ಇಳಿದಂತೆ ಮೀನಿನ ಜಾಗವೂ ಕಿರಿದಾಗುತ್ತದೆ. ಆದುದರಿಂದ ಮೀನಿನ ಲೆಕ್ಕಕ್ಕೆ ಅದನ್ನು ಮೂರು ಗುಂಟೆ ಎಂದೇ ಹಿಡಿಯಬೇಕು.

ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಮಣ್ಣಿನ ಹುಳುಹುಪ್ಪಟೆ ಬೆಳೆಯುವುದಿಲ್ಲ. ಅಲ್ಲಿ ಮೇವನ್ನು ಹೆಚ್ಚು ಕೈಯಿಂದಲೇ ಕೊಡಬೇಕಾಗುತ್ತದೆ. ಇನ್ನೊಂದು ಮಾತು. ಆ ಹಾಳೆ ಪಾಚಿ ಹಿಡಿದು ಜಾರುತ್ತದೆ. ಈಜು ಬಲ್ಲವನೂ ಹತ್ತಿ ಬರಲಾರ. ಹೊಂಡಕ್ಕೆ ಬಿದ್ದು ಮಕ್ಕಳು ಸತ್ತ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಮೀನು ಬಿಟ್ಟ ಮೇಲಂತೂ ಮಕ್ಕಳು ನೋಡಲು ಬಂದೇ ಬರುತ್ತಾರೆ. ಮರಿಗೆ ದುಡ್ಡು ಹಾಕುವ ಮೊದಲು ಸುತ್ತ ಬೇಲಿ ಹಾಕಿ. ನಾಲ್ಕೂ ಮಗ್ಗುಲಲ್ಲಿ ಗಂಟು ಹಾಕಿದ ಹಗ್ಗ ಇಳಿಬಿಡಿ. ಇದಕ್ಕೆ ಯಾವ ಅಧಿಕಾರಿಯ ಅಪ್ಪಣೆಯೂ ಬೇಡ.

ಹೊಂಡವನ್ನು ಹದ ಮಾಡುವುದು

ಗದ್ದೆಯನ್ನು ಉಳದೆ ಬಿತ್ತುವವರುಂಟೆ? ಕೆರೆಯನ್ನು ಹದ ಮಾಡದೆ ಮರಿ ಬಿಡುವವರು ಮಾತ್ರ ಬೇಕಾದಷ್ಟು ಜನ ಇದ್ದಾರೆ. ಹಳೆಯ ಕೆರೆಯಲ್ಲಿ ಕೊರವ, ಬಾಳೆ, ಚೇಳು ಮೀನು ಮೊದಲೇ ಬೀಡುಬಿಟ್ಟಿರುತ್ತವೆ. ನೀವು ಬಿಟ್ಟ ಮರಿ ಅವುಗಳ ಹೊಟ್ಟೆಗೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ನ್ಯಾಯವನ್ನು ಹಿಂದಿನವರು ಮತ್ಸ್ಯನ್ಯಾಯ ಎಂದು ಕರೆದದ್ದು ಸುಮ್ಮನೆ ಅಲ್ಲ.

ಇದಕ್ಕೆ ಸುಲಭವಾದ ದಾರಿ, ಬೇಸಗೆಯಲ್ಲಿ ನೀರನ್ನು ಪೂರಾ ತೆಗೆದು ತಳ ಬಿರುಕು ಬಿಡುವಂತೆ ಒಣಗಿಸುವುದು. ಎತ್ತಿದ ಹೂಳು ತೋಟಕ್ಕೆ ಒಳ್ಳೆಯ ಗೊಬ್ಬರ. ಒಣಗಿಸಲಾಗದ ಕೆರೆಗೆ ಹಿಪ್ಪೆ ಹಿಂಡಿ ಹಾಕುವ ಪದ್ಧತಿಯಿದೆ. ಒಂದು ಗುಂಟೆಗೆ, ಒಂದು ಮೀಟರ್ ಆಳಕ್ಕೆ, ಸುಮಾರು 25 ಕಿಲೋ. ಅದರ ವಿಷ ಎರಡು ಮೂರು ವಾರ ಇದ್ದು, ಬಳಿಕ ಹಿಂಡಿ ಕೊಳೆತು ಗೊಬ್ಬರವಾಗುತ್ತದೆ. ಅಲ್ಲಿಯ ತನಕ ಮರಿ ಬಿಡಬಾರದು. ಕೆಲವರು ಪೈರಿಗೆ ಹೊಡೆಯುವ ಕೀಟನಾಶಕವನ್ನೇ ಕೆರೆಗೆ ಸುರಿಯುತ್ತಾರೆ. ಆ ನೀರನ್ನು ನಾಳೆ ದನ ಕುಡಿಯುತ್ತದೆ, ಆ ಮೀನನ್ನು ನಮ್ಮ ಮಕ್ಕಳು ತಿನ್ನುತ್ತಾರೆ ಎಂಬುದನ್ನು ಮರೆಯಬಾರದು.

ಆಮೇಲೆ ಸುಣ್ಣ. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ಹುಳಿ ನೀರಿನಲ್ಲಿ ಗೊಬ್ಬರ ಹಾಕಿದರೂ ಮೀನಿನ ಮೇವು ಹುಟ್ಟುವುದಿಲ್ಲ. ಸಾಧಾರಣ ಮಣ್ಣಿಗೆ ವರ್ಷಕ್ಕೆ ಗುಂಟೆಗೆ 5 ಕಿಲೋ ಸುಣ್ಣ, ಹುಳಿ ಮಣ್ಣಿಗೆ 10 ಕಿಲೋ. ಅರ್ಧವನ್ನು ಮೊದಲೇ ಹಾಕಿ, ಉಳಿದದ್ದನ್ನು ತಿಂಗಳು ತಿಂಗಳು ಹಂಚಬೇಕು. ಸುಣ್ಣ ಹಾಕಿದ ಒಂದು ವಾರದ ಮೇಲೆ ಸಗಣಿ. ವರ್ಷಕ್ಕೆ ಗುಂಟೆಗೆ ಸುಮಾರು 100 ಕಿಲೋ; ಅದರಲ್ಲಿ ಐದನೆಯ ಒಂದು ಪಾಲು ಮೊದಲಿಗೆ, ಉಳಿದದ್ದು ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ.

ಸಗಣಿ ಹಾಕುವುದು ಮೀನು ತಿನ್ನಲೆಂದಲ್ಲ. ಸಗಣಿಯಿಂದ ನೀರಿನಲ್ಲಿ ಕಣ್ಣಿಗೆ ಕಾಣದ ಹಸಿರು ಹುಟ್ಟುತ್ತದೆ, ಹಸಿರನ್ನು ತಿಂದು ಸೂಕ್ಷ್ಮ ಜೀವಿಗಳು ಬೆಳೆಯುತ್ತವೆ, ಅವೆರಡನ್ನೂ ತಿಂದು ಮೀನು ಬೆಳೆಯುತ್ತದೆ. ನೀರು ಹದಕ್ಕೆ ಬಂದಿದೆಯೆ ಎಂದು ನೋಡಲು ಯಂತ್ರ ಬೇಡ. ಮೊಣಕೈವರೆಗೆ ತೋಳನ್ನು ನೀರಿಗಿಳಿಸಿ. ಬೆರಳು ಮಸುಕಾಗಿ ಮರೆಯಾದರೆ ಹದ ಸರಿ. ಬೆರಳು ನಿಚ್ಚಳವಾಗಿ ಕಂಡರೆ ಮೇವು ಸಾಲದು. ಮಣಿಕಟ್ಟಿಗೇ ಕೈ ಮರೆಯಾದರೆ ಹಸಿರು ಅತಿಯಾಯಿತು, ಸಗಣಿ ನಿಲ್ಲಿಸಬೇಕು.

ನೀರು ಬರುವ ದಾರಿಗೂ ಕೋಡಿಗೂ ಸಣ್ಣ ಕಣ್ಣಿನ ಜಾಲರಿ ಕಟ್ಟುವುದು ಈ ಹೊತ್ತಿನ ಕೆಲಸ. ಮುಂಗಾರಿನ ಮೊದಲ ನೀರಿಗೆ ಹತ್ಮೀನು ಏರುವುದು ನಿಮಗೆ ಗೊತ್ತೇ ಇದೆ. ಅದೇ ದಾರಿಯಲ್ಲಿ ಕೊರವ ಒಳಗೆ ಬರುತ್ತದೆ, ನಿಮ್ಮ ಮರಿ ಹೊರಗೆ ಹೋಗುತ್ತದೆ.

ಮರಿಯ ಕಥೆ

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮೀನುಗಳ ಜಾತಿಯನ್ನೂ ಅವಕ್ಕೆ ಮೇವು ಹಾಕಿ ಕೊಬ್ಬಿಸುವ ಬಗೆಯನ್ನೂ ಹೇಳಿದ್ದಾನೆ. ಅದು ಅರಸರ ವಿನೋದ. ಮೀನು ಸಾಕುವುದು ಬಡವನ ಕೈಗೆ ಎಟುಕುವಂತಾದದ್ದು ತೀರ ಈಚೆಗೆ. ಕಾರಣ ಹೀಗಿದೆ: ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮಳೆಗಾಲದ ಹರಿಯುವ ನದಿಯಲ್ಲಿ ಮೊಟ್ಟೆಯಿಡುತ್ತವೆ, ನಿಂತ ನೀರಿನಲ್ಲಿ ಇಡುವುದಿಲ್ಲ. ಆದುದರಿಂದ ಹಿಂದೆ ಗಂಗೆಯಂಥ ನದಿಗಳಿಂದ ಮರಿ ಬಾಚಿ ತರಬೇಕಾಗಿತ್ತು. ಅದರಲ್ಲಿ ಒಳ್ಳೆಯ ಮರಿಯೊಂದಿಗೆ ನುಂಗುವ ಜಾತಿಯ ಮರಿಯೂ ಬೆರೆತಿರುತ್ತಿತ್ತು.

1957ರ ಜುಲೈ 10ರಂದು ಒರಿಸ್ಸಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿ ಅಲಿಕುಂಞಿಯವರು ಮೀನಿನ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ಸೂಜಿಯಲ್ಲಿ ಕೊಟ್ಟು, ನಿಂತ ನೀರಿನಲ್ಲೇ ಗೆಂಡೆ ಮೀನು ಮೊಟ್ಟೆಯಿಡುವಂತೆ ಮಾಡಿದರು. ಇಂದು ದೇಶದ ಮೀನು ಮರಿ ಕೇಂದ್ರಗಳೆಲ್ಲ ನಿಂತಿರುವುದು ಆ ಕೆಲಸದ ಮೇಲೆ. ಜುಲೈ 10ನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಸರಕಾರಿ ಸಂಬಳದ ವಿಜ್ಞಾನಿಗಳು ಮಾಡಿದ ಈ ಕೆಲಸ ದೇಶದ ಎಲ್ಲ ರೈತರ ಸೊತ್ತಾಯಿತು ಎಂಬುದನ್ನು ಇಲ್ಲಿ ನೆನೆಯಬೇಕು.

ನಮ್ಮ ಜಿಲ್ಲೆಯಲ್ಲೇ ಭದ್ರಾ ಅಣೆಕಟ್ಟಿನ ಬಳಿ, ಬಿ. ಆರ್. ಪ್ರಾಜೆಕ್ಟಿನಲ್ಲಿ, ಸರಕಾರದ ಮೀನು ಮರಿ ಕೇಂದ್ರವಿದೆ. ಖಾಸಗಿಯವರೂ ಮಾರುತ್ತಾರೆ. ಎಲ್ಲಿ ಕೊಂಡರೂ ಮರಿಯ ಉದ್ದ ನೋಡಿ ಕೊಳ್ಳಬೇಕು. ಮೊಟ್ಟೆಯೊಡೆದ ಮರಿ ಸಾಸಿವೆಗಿಂತ ತುಸು ದೊಡ್ಡದು. ಎರಡು ಮೂರು ವಾರಕ್ಕೆ ಅಂಗುಲವಾಗುತ್ತದೆ, ಎರಡು ಮೂರು ತಿಂಗಳಿಗೆ ನಾಲ್ಕಂಗುಲ. ಅಂಗುಲದ ಮರಿ ಅಗ್ಗ. ಆದರೆ ಹೊಂಡದಲ್ಲಿ ಬಹುಪಾಲು ಸಾಯುತ್ತದೆ. ಬೆರಳುದ್ದದ, ನಾಲ್ಕಂಗುಲದ ಮರಿ ಬಿಟ್ಟರೆ ನೂರರಲ್ಲಿ ಎಂಬತ್ತು ಉಳಿಯುವುದು ಸಾಧ್ಯ. ಮರಿಯನ್ನು ಬಟ್ಟಲಿನಲ್ಲಿ ಅಳೆದು ಕೊಡುವಲ್ಲಿ ಒಂದು ಬಟ್ಟಲನ್ನು ನಮ್ಮೆದುರಿಗೇ ಎಣಿಸಿ ತೋರಿಸಿರೆಂದು ಕೇಳಲು ಸಂಕೋಚಪಡಬೇಡಿ. ಸಾವಿರವೆಂದು ಬರೆದು ಏಳುನೂರು ಕೊಟ್ಟರೆ ಆ ಮುನ್ನೂರನ್ನು ನೀರಿನಲ್ಲಿ ಹುಡುಕುವುದು ಹೇಗೆ?

ಆಮ್ಲಜನಕ ತುಂಬಿದ ಚೀಲದಲ್ಲಿ ತಂದ ಮರಿಯನ್ನು ತಂದೊಡನೆ ಸುರಿಯಬಾರದು. ಚೀಲವನ್ನು ಕಟ್ಟಿದಂತೆಯೇ ಹೊಂಡದ ನೀರಿನ ಮೇಲೆ ಇಪ್ಪತ್ತು ನಿಮಿಷ ತೇಲಬಿಟ್ಟು, ಬಾಯಿ ಬಿಚ್ಚಿ, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪ ಒಳಗೆ ಸೇರಿಸಿ, ಮರಿ ತಾನಾಗಿ ಈಜಿ ಹೋಗುವಂತೆ ಮಾಡಬೇಕು. ಈ ಕೆಲಸ ಬೆಳಗ್ಗೆ ಇಲ್ಲವೆ ಸಂಜೆಯ ತಂಪಿನಲ್ಲಿ ಆಗಬೇಕು.

ಯಾವ ಮೀನು, ಎಷ್ಟು?

ಕಾಟ್ಲಾ ಮೇಲ್ನೀರಿನಲ್ಲಿ ಸೂಕ್ಷ್ಮ ಜೀವಿಗಳನ್ನು ತಿನ್ನುತ್ತದೆ. ರೋಹು ನಡುನೀರಿನದು. ಮೃಗಾಲ್ ತಳದ ಕೊಳೆತದ್ದನ್ನು ತಿನ್ನುತ್ತದೆ. ಮೂರನ್ನೂ ಕೂಡಿ ಬಿಟ್ಟರೆ ಒಂದರ ಅನ್ನವನ್ನು ಇನ್ನೊಂದು ಕಸಿಯದೆ ಇಡೀ ಹೊಂಡ ದುಡಿಯುತ್ತದೆ. ಹತ್ತು ಮರಿಗೆ ನಾಲ್ಕು ಕಾಟ್ಲಾ, ಮೂರು ರೋಹು, ಮೂರು ಮೃಗಾಲ್ ಎಂಬುದು ಹಳೆಯ, ನಂಬತಕ್ಕ ಲೆಕ್ಕ. 1959ರಲ್ಲಿ ಹೊರದೇಶದಿಂದ ಬೆಳ್ಳಿ ಗೆಂಡೆ, ಹುಲ್ಲು ಗೆಂಡೆ ಬಂದವು. ಜೊಂಡು ಕಳೆ ಬೆಳೆಯುವ ಹೊಂಡಕ್ಕೆ ಕೆಲವು ಹುಲ್ಲು ಗೆಂಡೆ ಉಪಯುಕ್ತ. ಬೆಳ್ಳಿ ಗೆಂಡೆ ಕಾಟ್ಲಾದ ಮೇವಿಗೆ ಪೈಪೋಟಿ ಮಾಡುತ್ತದೆ. ಸಾಮಾನ್ಯ ಗೆಂಡೆ ಬೇಗ ಬೆಳೆಯುತ್ತದೆ, ಅಲ್ಪಕಾಲದ ನೀರಿಗೆ ಸರಿ. ಆದರೆ ಕೆಸರು ಕೆದಕಿ ಮಣ್ಣಿನ ಏರಿಯನ್ನು ಸಡಿಲಿಸುತ್ತದೆ.

ಸಂಖ್ಯೆಯಲ್ಲಿ ಆಸೆಬುರುಕತನ ಬೇಡ. ಗುಂಟೆಗೆ 50 ಮರಿ, ಎಕರೆಗೆ 2000. ಹತ್ತು ಗುಂಟೆಯ ಕೆರೆಗೆ 500 ಎಂದರೆ 200 ಕಾಟ್ಲಾ, 150 ರೋಹು, 150 ಮೃಗಾಲ್. ನಾವು ಹೇಳಿದ ಮೂರು ಗುಂಟೆಯ ಹೊಂಡಕ್ಕೆ 150 ಸಾಕು. ಇದೇ ನೀರಿಗೆ ಐದರಷ್ಟು ಮರಿ ಬಿಟ್ಟರೆ ಐದರಷ್ಟು ಮೀನು ಬರುವುದಿಲ್ಲ. ಇರುವ ಮೇವನ್ನೇ ಎಲ್ಲವೂ ಹಂಚಿಕೊಂಡು ಎಲ್ಲವೂ ಬಡಕಲಾಗುತ್ತವೆ.

ಎರಡು ಮೀನುಗಳ ವಿಷಯದಲ್ಲಿ ಎಚ್ಚರ ಹೇಳಬೇಕಾಗಿದೆ. 1952ರಲ್ಲಿ ಭಾರತಕ್ಕೆ ಬಂದ ಮೊಸಾಂಬಿಕ್ ತಿಲಾಪಿಯಾ ಹೊಂಡದಲ್ಲೇ ಮತ್ತೆ ಮತ್ತೆ ಮರಿ ಹಾಕಿ, ಅಂಗೈ ಅಗಲಕ್ಕಿಂತ ದೊಡ್ಡದಾಗದೆ ನೀರನ್ನೆಲ್ಲ ತುಂಬುತ್ತದೆ. ಇನ್ನೊಂದು ಆಫ್ರಿಕನ್ ಕ್ಯಾಟ್‌ಫಿಶ್. ಇದನ್ನು ಕೇಂದ್ರ ಸರಕಾರ 2000ದಲ್ಲಿ ನಿಷೇಧಿಸಿತು. ಸಿಕ್ಕಿದ್ದನ್ನೆಲ್ಲ ನುಂಗುವ ಈ ಮೀನು ಕೋಡಿ ದಾಟಿ ಹಳ್ಳಕ್ಕಿಳಿದರೆ ಹೊಳೆಯ ಮೀನಿಗೆ ಉಳಿಗಾಲವಿಲ್ಲ. ತುಂಗೆಯ, ಶರಾವತಿಯ ಮೀನು ಹೊಳೆದಂಡೆಯ ಬಡವರೆಲ್ಲರ ಅನ್ನ. ನಮ್ಮ ಹೊಂಡದ ಲಾಭಕ್ಕಾಗಿ ಅದನ್ನು ಕೆಡಿಸುವ ಹಕ್ಕು ನಮಗಿಲ್ಲ.

ಮೇವು, ಉಸಿರು, ಕಾವಲು

ಸಗಣಿಯೊಂದರಿಂದಲೇ ಬರುವ ಬೆಳೆ ಸಣ್ಣದು. ಅಕ್ಕಿ ತೌಡು ಒಂದು ಪಾಲು, ಶೇಂಗಾ ಹಿಂಡಿ ಒಂದು ಪಾಲು ಕೂಡಿಸಿ ಕೊಟ್ಟರೆ ಬೆಳೆ ಹೆಚ್ಚುತ್ತದೆ. ಮೊದಲಿಗೆ ಮೀನಿನ ತೂಕದ ನೂರಕ್ಕೆ ಐದು, ಆಮೇಲೆ ಮೂರು, ಕೊನೆಗೆ ಎರಡು. ತೂಕ ತಿಳಿಯಲು ತಿಂಗಳಿಗೊಮ್ಮೆ ಬೀಸುಬಲೆ ಹಾಕಿ ಇಪ್ಪತ್ತು ಮೀನು ಹಿಡಿದು ತೂಗಬೇಕು. ಸರಾಸರಿ 200 ಗ್ರಾಂ ಬಂದು, ಹೊಂಡದಲ್ಲಿ 400 ಇವೆಯೆಂದರೆ ಒಟ್ಟು 80 ಕಿಲೋ. ನೂರಕ್ಕೆ ಮೂರರಂತೆ ದಿನಕ್ಕೆ 2 ಕಿಲೋ 400 ಗ್ರಾಂ ಮೇವು. ತೂತು ಮಾಡಿದ ಚೀಲದಲ್ಲಿ ತುಂಬಿ ಗೂಟಕ್ಕೆ ಕಟ್ಟಿ ಇಳಿಬಿಟ್ಟರೆ ಪೋಲಾಗುವುದಿಲ್ಲ. ಮರುದಿನ ಚೀಲದಲ್ಲಿ ಮೇವು ಉಳಿದಿದ್ದರೆ ಕಡಿಮೆ ಮಾಡಿ. ಒಂದು ಕಿಲೋ ಮೀನಿಗೆ ಸುಮಾರು ಎರಡು ಕಿಲೋ ತೌಡು ಹಿಂಡಿ ಹಿಡಿಯುತ್ತದೆ. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ. ಮರಿಯ ಬೆಲೆಯನ್ನಷ್ಟೇ ಹೇಳಿ ಲಾಭದ ಲೆಕ್ಕ ತೋರಿಸುವವರು ಈ ಮಾತನ್ನು ಮುಚ್ಚಿಡುತ್ತಾರೆ.

ಇನ್ನು ಉಸಿರು. ಹಗಲು ಬಿಸಿಲಿನಲ್ಲಿ ನೀರಿನ ಹಸಿರು ಆಮ್ಲಜನಕವನ್ನು ಬಿಡುತ್ತದೆ. ರಾತ್ರಿ ಅದೇ ಹಸಿರು, ಮೀನು, ಕೊಳೆತ ಸಗಣಿ ಎಲ್ಲವೂ ಅದನ್ನು ಬಳಸುತ್ತವೆ. ಆದುದರಿಂದ ನಸುಕಿನಲ್ಲಿ ಆಮ್ಲಜನಕ ತೀರ ಕಡಿಮೆ. ಮೋಡ ಕವಿದ ದಿನಗಳು ಸಾಲಾಗಿ ಬಂದರೆ ಅಪಾಯ ಹೆಚ್ಚು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, 'ಮೀನು ಆಡುತ್ತಿದೆ' ಎಂದು ಸಂತೋಷಪಡಬಾರದು. ಅದು ಉಸಿರು ಕಟ್ಟಿದ ಗುರುತು. ಆ ದಿನ ಮೇವು, ಸಗಣಿ ಎರಡನ್ನೂ ನಿಲ್ಲಿಸಿ, ಪಂಪಿನಿಂದ ಹೊಸ ನೀರನ್ನು ಮೇಲಿನಿಂದ ಸಿಡಿಯುವಂತೆ ಬಿಡಬೇಕು. ಪಂಪಿಲ್ಲದಲ್ಲಿ ಮನೆಮಂದಿ ಕೊಡದಿಂದ ನೀರೆತ್ತಿ ಸುರಿದರೂ, ಬಿದಿರಿನಿಂದ ನೀರು ಬಡಿದರೂ ಸಹಾಯವಾಗುತ್ತದೆ. ಒಂದು ನಸುಕಿನ ಉದಾಸೀನದಿಂದ ವರ್ಷದ ದುಡಿಮೆ ಹೊಟ್ಟೆ ಮೇಲಾಗಿ ತೇಲಬಹುದು.

ನಮ್ಮ ಅಡಿಕೆ ಸೀಮೆಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿದೆ. ತಾಮ್ರ ಮೀನಿಗೆ ವಿಷ. ಔಷಧದ ಡ್ರಮ್ಮನ್ನೂ ಪಂಪನ್ನೂ ಕೆರೆಯಲ್ಲಿ ತೊಳೆಯುವ ರೂಢಿ ಇರುವಲ್ಲಿ ಮೀನಿನ ಮಾತೇ ಬೇಡ. ಮೇಲಿನ ತೋಟದವರಿಗೆ ಮೊದಲೇ ಹೇಳಿ, ಔಷಧ ಹೊಡೆಯುವ ದಿನಗಳಲ್ಲಿ ತೋಟದ ಬಸಿಗಾಲುವೆಯನ್ನು ಕೆರೆಗೆ ತಿರುಗಿಸದಂತೆ ನೋಡಿಕೊಳ್ಳಬೇಕು.

ಚಳಿಗಾಲದಲ್ಲಿ ಮೈಮೇಲೆ ಕೆಂಪು ಹುಣ್ಣು ಕಂಡರೆ ಅದು 1988ರಿಂದ ನಮ್ಮ ದೇಶದಲ್ಲಿ ಹಬ್ಬಿದ ಹುಣ್ಣು ರೋಗವಿರಬಹುದು. ಮಳೆ ಮುಗಿದೊಡನೆ ಸುಣ್ಣ ಹಾಕುವುದು ಒಳ್ಳೆಯ ಮುನ್ನೆಚ್ಚರಿಕೆ. ಕಂಡ ಮೇಲೆ ಮೀನುಗಾರಿಕೆ ಇಲಾಖೆಯವರನ್ನು ಕರೆಸಿ. ಭುವನೇಶ್ವರದ ಸಂಶೋಧನಾ ಸಂಸ್ಥೆ ತಯಾರಿಸಿದ ಸಿಫಾಕ್ಸ್ ಎಂಬ ಔಷಧವಿದೆ. ನೀರುಕಾಗೆಗೆ ಮೇಲೆ ಬಲೆ ಕಟ್ಟಬಹುದು. ನೀರುನಾಯಿ ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ; ಅದನ್ನು ಬೇಲಿಯಿಂದ ತಡೆಯಬೇಕು, ಕೊಲ್ಲಬಾರದು.

ಹಿಡಿಯುವುದು, ಮಾರುವುದು

ಹತ್ತು ಗುಂಟೆಯಲ್ಲಿ 500 ಮರಿ ಬಿಟ್ಟು 400 ಉಳಿದು, ಒಂದೊಂದು ಮುಕ್ಕಾಲು ಕಿಲೋ ಬಂದರೆ 300 ಕಿಲೋ ಮೀನು. ಮೇವು ಕೊಟ್ಟು, ಕಾವಲು ಕಾದು ನೋಡಿಕೊಂಡವರಿಗೆ ಇದು ಆಗತಕ್ಕ ಮಾತು. ಎಲ್ಲವನ್ನೂ ಒಂದೇ ದಿನ ಹಿಡಿದರೆ ಸಂತೆಯಲ್ಲಿ ಕೇಳುವವರಿರುವುದಿಲ್ಲ. ಮೀನು ಅಡಿಕೆಯಂತೆ ಮಂಡಿಯಲ್ಲಿ ಕೂರುವ ಸರಕಲ್ಲ; ಸಂಜೆಯಾದರೆ ಕೊಂಡವನು ಹೇಳಿದ್ದೇ ಬೆಲೆ. ದೊಡ್ಡದನ್ನು ಮೊದಲು, ಆರಿಸಿ ಆರಿಸಿ ಹಿಡಿದರೆ ಉಳಿದವಕ್ಕೆ ಜಾಗವೂ ಮೇವೂ ಸಿಗುತ್ತದೆ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಘಟ್ಟದ ಮೇಲೆ ಕಡಲ ಮೀನು ಅಪರೂಪ. ಆಗಸ್ಟ್‌ನಲ್ಲಿ ಬಿಟ್ಟ ಮರಿ ಮುಂದಿನ ಜೂನ್‌ಗೆ ಹತ್ತು ತಿಂಗಳಿನದಾಗಿರುತ್ತದೆ. ವರ್ಷವಿಡೀ ನೀರಿರುವ ಕೆರೆಯವರು ಈ ಕಾಲವನ್ನು ಕಾಯಬೇಕು.

ಸರಕಾರದ ನೆರವಿನ ಮಾತು. 2020ರಲ್ಲಿ ಆರಂಭವಾದ ಮತ್ಸ್ಯಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 40, ಮಹಿಳೆಯರಿಗೂ ಪರಿಶಿಷ್ಟರಿಗೂ 60 ಸಹಾಯಧನವೆಂದು ಗೊತ್ತುಮಾಡಿದರು. ಕಿಸಾನ್ ಕ್ರೆಡಿಟ್ ಕಾರ್ಡನ್ನು 2018-19ರಲ್ಲಿ ಮೀನು ಸಾಕುವವರಿಗೂ ವಿಸ್ತರಿಸಿದರು. ಇವು ಒಳ್ಳೆಯವೇ. ಆದರೆ ಸಹಾಯಧನ ಸಾಮಾನ್ಯವಾಗಿ ಕೆಲಸ ಮುಗಿದ ಮೇಲೆ ಕೈಗೆ ಬರುವಂಥದು. ಮೊದಲು ಹಣ ಹಾಕಬಲ್ಲವನಿಗೆ ಸಹಾಯ, ಹಾಕಲಾರದವನಿಗೆ ಕಾಗದ. ಕೂಲಿಗೆ ಹೋಗುವ ಹೆಣ್ಣುಮಗಳು ನೂರಕ್ಕೆ ಅರುವತ್ತನ್ನು ಪಡೆಯಲು ಮೊದಲು ಆ ನೂರನ್ನು ಎಲ್ಲಿಂದ ತರಬೇಕು? ಈ ಪ್ರಶ್ನೆಯನ್ನು ನಾವು ಸಭೆಗಳಲ್ಲಿ ಎತ್ತುತ್ತಲೇ ಇರಬೇಕು.

ಉತ್ತರ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಒಂದು ಊರಿನಲ್ಲಿ ಹತ್ತು ಹೊಂಡಗಳಿದ್ದರೆ ಹತ್ತು ಜನರೂ ಕೂಡಿ ಒಂದೇ ಗಾಡಿಯಲ್ಲಿ ಮರಿ ತರಿಸಿ. ಎಣಿಕೆ ಸರಿಯಿರುತ್ತದೆ, ಬಾಡಿಗೆ ಹಂಚಿಹೋಗುತ್ತದೆ. ಹಿಂಡಿಯನ್ನು ಒಟ್ಟಿಗೆ ಕೊಳ್ಳಿ. ಒಂದೇ ಎಳೆಬಲೆ ಹತ್ತು ಹೊಂಡಕ್ಕೂ ಸಾಕು. ವಾರಕ್ಕೊಂದು ಹೊಂಡದಂತೆ ಸರದಿಯಲ್ಲಿ ಹಿಡಿದರೆ ಬೆಲೆಯೂ ಬೀಳುವುದಿಲ್ಲ, ಊರಿಗೂ ತಾಜಾ ಮೀನು ಸಿಗುತ್ತದೆ. ಬಲೆಯ ಕೆಲಸ ಬಲ್ಲ ಬೆಸ್ತ ಬಂಧುಗಳನ್ನು ಬರಿಯ ಕೂಲಿಗೆ ಕರೆಯದೆ ಪಾಲುದಾರರನ್ನಾಗಿ ಮಾಡಿಕೊಳ್ಳಿ. ನೀರಿನ ಗುಣ, ಮೀನಿನ ಓಟ ಅವರಿಗೆ ತಿಳಿದಷ್ಟು ನಮಗೆ ತಿಳಿಯದು. ಹಿಡಿದ ದಿನ ನೆರೆಯವರ ಮನೆಗೂ ಒಂದೊಂದು ಮೀನು ಹೋಗಲಿ. ರಾತ್ರಿ ಹೊಂಡಕ್ಕೆ ವಿಷ ಹಾಕುವ ಹಗೆತನಕ್ಕೆ ಇದಕ್ಕಿಂತ ಅಗ್ಗದ ಕಾವಲಿಲ್ಲ.

ಕೊನೆಗೆ, ಪ್ರತಿಯೊಬ್ಬರೂ ಒಂದು ನೋಟುಪುಸ್ತಕ ಇಡಬೇಕು. ಬಿಟ್ಟ ದಿನ, ಎಣಿಕೆ, ಸುಣ್ಣ, ಸಗಣಿ, ಹಿಂಡಿ, ತಿಂಗಳ ತೂಕ, ಹಿಡಿದದ್ದು, ಮಾರಿದ ಬೆಲೆ, ಮನೆಯಲ್ಲಿ ಉಂಡದ್ದು. ಮನೆಯವರು ದುಡಿದ ದಿನಗಳ ಕೂಲಿಯೂ ಅದರಲ್ಲಿ ಬರಬೇಕು. ಲೆಕ್ಕ ಇಟ್ಟವನನ್ನು ಮರಿ ಮಾರುವವನಾಗಲಿ, ಮೀನು ಕೊಳ್ಳುವವನಾಗಲಿ, ಅಧಿಕಾರಿಯಾಗಲಿ ಸುಲಭವಾಗಿ ಮೋಸಗೊಳಿಸಲಾರರು. ಮುಂದಿನ ಬೇಸಗೆಯಲ್ಲಿ ನಾವು ಮತ್ತೆ ಸೇರಿದಾಗ ಆ ಪುಸ್ತಕಗಳನ್ನು ತನ್ನಿ. ಯಾರ ಹೊಂಡದಲ್ಲಿ ಏನಾಯಿತು, ಏಕಾಯಿತು ಎಂಬುದನ್ನು ಕೂಡಿ ನೋಡೋಣ. ಭಾಷಣಕ್ಕಿಂತ ಅದರಿಂದ ನಮಗೆಲ್ಲ ಹೆಚ್ಚು ತಿಳಿಯುತ್ತದೆ.